ಬಲೂನಿಗೆ ಹಿಡಿಸುವಷ್ಟು

ಭಾಯಖಳಾ ಸ್ಟೇಷನ್ನಿನ ಹಿಂದೆ, ಅಚ್ಚುಕೂಟದ ಅಟ್ಟದ ಮೇಲೆ
ದೂಮಣ್ಣ ಮಾವ ಸೂಪರ್‌ಹೀರೋಗಳಿಗೆ
ಕನ್ನಡ ಮಾತಾಡಿಸುತ್ತಿದ್ದ.
ಪುಟಕ್ಕೆ ಒಂದೂವರೆ ರೂಪಾಯಿ.
ಶಾಯಿ ಸೇಠನದು, ನಿಬ್ಬು ತನ್ನದು.

ಚಿತ್ರಗಳು ಹಡಗಿನಲ್ಲಿ ಬರುತ್ತಿದ್ದವು,
ಬಾಯಿಂದ ಹೊರಟ ಬಲೂನುಗಳು ಬೋಳು.
ಒಳಗಿದ್ದ ಮಾತನ್ನು ಯಾರೋ ಕೆರೆದು ತೆಗೆದಿದ್ದರು,
ಕೆಲವದರಲ್ಲಿ ಒಂದು ಅಕ್ಷರದ ಬಾಲ ಉಳಿದಿರುತ್ತಿತ್ತು,
ಹಲ್ಲಿಯದರ ಹಾಗೆ.

ಬಲೂನು ಅವರ ಭಾಷೆಯ ಅಳತೆಯದು.
ನಮ್ಮದಕ್ಕೋ ತಲೆಗೆ ತಲಕಟ್ಟು, ಕಾಲಡಿಗೆ ಒತ್ತು.
ಚಾಳಿನ ಖೋಲಿಯಲ್ಲಿ ಎಂಟು ಜನ ಮಲಗಿದಂತೆ
ಮೇಲಿನ ಸಾಲಿನವನು ಕಾಲು ಚಾಚಿದರೆ
ಕೆಳಗಿನವನ ಮುಖಕ್ಕೆ.

ಮಾವ ಒತ್ತಿಲ್ಲದ ಮಾತು ಹುಡುಕುತ್ತಿದ್ದ.
ಸಿಟ್ಟು ಬೇಡ, ಕೋಪ ಸಾಕು.
ದುಷ್ಟ ಬೇಡ, ನೀಚ.
ವಿಶ್ವ ಹೋಗಿ ಲೋಕವಾಯಿತು.
'ನಿನ್ನನ್ನು ಕೊಲ್ಲುತ್ತೇನೆ' ಎಂದು ಗರ್ಜಿಸಬೇಕಾದ ಖಳ
ಇಷ್ಟೇ ಅನ್ನುತ್ತಿದ್ದ: 'ಇರು, ನೋಡುವೆ.'
ಹಾಗಾಗಿ ಕನ್ನಡದಲ್ಲಿ ಖಳರು
ಮೂಲಕ್ಕಿಂತ ತುಸು ಮರ್ಯಾದಸ್ಥರು.

ಹೊಡೆತದ ಸದ್ದು ಮಾತ್ರ ಚಿತ್ರದೊಳಗೇ ಬರೆದು ಬರುತ್ತಿತ್ತು,
ಹಳದಿ ಕಿಡಿಯೊಳಗೆ ದಪ್ಪ ಇಂಗ್ಲಿಷು.
ಅಳಿಸಹೋದರೆ ಮುಷ್ಟಿಯೂ ಅಳಿಸುತ್ತದೆ.
ಇರಲಿ ಬಿಡು, ಅಂದ ಮಾವ,
ಹೊಡೆತ ಅವರದರಲ್ಲಿ, ನೋವು ನಮ್ಮದರಲ್ಲಿ.
ಆದರೆ 'ಅಯ್ಯೋ'ದ ಒತ್ತು ಬಿಡಿಸುವುದು
ಅವನಿಂದಲೂ ಆಗಲಿಲ್ಲ.
ಪ್ರತಿ ಸಂಚಿಕೆಯಲ್ಲೂ ಅದರ ಕಾಲು
ಬಲೂನಿನ ಗೆರೆ ದಾಟಿ ಹೊರಗೆ ಜೋತಿರುತ್ತಿತ್ತು.

ಹೆಸರಿಗೊಂದು ಜಗಳ.
ಮಾವ ಇಟ್ಟದ್ದು ಸಿಡಿಲಣ್ಣ.
ಜರಿವಾಲಾ ಸೇಠ್ ನಕ್ಕ: 'ಅಣ್ಣ ಅಂದರೆ
ಮಾಟುಂಗಾದಲ್ಲಿ ಇಡ್ಲಿ ಕೊಡುವವನು.
ಅವನು ಹಾರಿಹೋದರೆ ಸಾಂಬಾರ್ ಯಾರು ತರುತ್ತಾರೆ?'
ಸಿಡಿಲರಾಜ ಎಂದಾಯಿತು.
ಆದರೂ ಹನ್ನೊಂದನೇ ಸಂಚಿಕೆ, ಪುಟ ಒಂಬತ್ತು, ಮೂಲೆಯ ಚೌಕ:
ಸೇತುವೆಯಿಂದ ಜಾರಿದ ಹುಡುಗಿಯ ಬಾಯಲ್ಲಿ
ಕೂದಲೆಳೆಯ ಅಕ್ಷರ, 'ಅಣ್ಣಾ, ಕೈ ಹಿಡಿ.'
ಸೇಠನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಓದುತ್ತಿದ್ದವರು ಹೋಟೆಲಿನ ಹುಡುಗರು,
ಕೋಟೆಯ ರಾತ್ರಿಶಾಲೆಯ ಹಿಂದಿನ ಬೆಂಚು,
ದಿನಕ್ಕೆ ಹತ್ತು ಪೈಸೆ ಬಾಡಿಗೆ,
ಪುಟಪುಟಕ್ಕೂ ಈರುಳ್ಳಿಯ ಹೆಬ್ಬೆರಳು.
ಟೇಬಲ್ ಒರೆಸುವ ಬಟ್ಟೆ ಕುತ್ತಿಗೆಗೆ ಕಟ್ಟಿ
ಅಕ್ಕಿಮೂಟೆಯ ಮೇಲಿಂದ ಹಾರಿದ ಐತಪ್ಪ
ಮುಂದಿನ ಹಲ್ಲು ಮುರಿದುಕೊಂಡ.
ಈಗ ಅವನದು ಮೂರು ಹೋಟೆಲು. ಹಲ್ಲು ಚಿನ್ನದ್ದು.
ಹೇಗೆ ಹೋಯಿತೆಂದು ಯಾರಾದರೂ ಕೇಳಿದರೆ
ಕೇರಂ ಜಗಳ ಅನ್ನುತ್ತಾನೆ.

ಆಮೇಲೆ ಮುಷ್ಕರ, ಮಿಲ್ಲಿನ ಭೋಂಗಾ ನಿಂತಿತು.
ಬಾಡಿಗೆ ಪುಸ್ತಕದವನು ಊರಿಗೆ ಹೋದ,
ಸೇಠ್ ಅಚ್ಚುಮೊಳೆ ಮಾರಿದ, ತೂಕಕ್ಕೆ.
ಕೊನೆಯ ಪುಟದಲ್ಲಿ ಸಿಡಿಲರಾಜ
ಗಡಿಯಾರದ ಗೋಪುರದಿಂದ ತಲೆಕೆಳಗಾಗಿ ಬೀಳುತ್ತಿದ್ದ,
ಕೆಂಪು ಹೊದಿಕೆ ಮುಖಕ್ಕೆ ಸುತ್ತಿಕೊಂಡು.
ಮೂಲೆಯಲ್ಲಿ ಮಾವನ ಕೈ:
ಮುಂದಿನ ಸಂಚಿಕೆಯಲ್ಲಿ.

ಮಿಲ್ಲಿದ್ದಲ್ಲಿ ಈಗ ಮಾಲು.
ನಾಲ್ಕನೇ ಮಹಡಿಯ ಪರದೆಯ ಮೇಲೆ ಹೀರೋಗಳು
ಒಬ್ಬೊಬ್ಬರಾಗಿ ಬರುವುದೇ ಇಲ್ಲ, ದಿಬ್ಬಣದ ಹಾಗೆ ಬರುತ್ತಾರೆ,
ಊರು ಉಳಿಸಲು ಅರ್ಧ ಊರು ಕೆಡವುತ್ತಾರೆ.
ಪಕ್ಕದಲ್ಲಿ ತಂಗಿಯ ಮಗ,
ಮುಖವಾಡದ ರಬ್ಬರು ಕಿವಿಯ ಹಿಂದೆ ಕೆಂಪಗೆ ಕಚ್ಚಿದೆ.
ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ
ಅವರ ಬಾಯಿಯ ಪಕ್ಕದ ಖಾಲಿ ಆಕಾಶಕ್ಕೆ,
ಅಲ್ಲಿ ಎಷ್ಟು ಅಕ್ಷರ ಹಿಡಿಸೀತೆಂದು ಎಣಿಸುತ್ತ.

ಭಾನುವಾರ ಡೊಂಬಿವಲಿಗೆ ಹೋಗಿದ್ದೆ.
ಎಂಬತ್ತೊಂದರ ಮಾವ ಭೂತಗನ್ನಡಿ ಹಿಡಿದು
ಯಾರದೋ ಮದುವೆಯ ಲಕೋಟೆಗಳ ಮೇಲೆ ಹೆಸರು ಬರೆಯುತ್ತಿದ್ದ,
ಅದೇ ಓರೆ, ಅದೇ ಇಕ್ಕಟ್ಟು,
ಅಷ್ಟಗಲ ಜಾಗವಿದ್ದರೂ.

ಬದುಕಿದನಾ ಮಾವಾ, ಗೋಪುರದಿಂದ ಬಿದ್ದವನು?

ನಿಬ್ಬು ಎತ್ತಲಿಲ್ಲ.
'ಬಿದ್ದ ಅಂತ ನಾನೆಲ್ಲೂ ಬರೆದಿಲ್ಲವಲ್ಲ.'
ಲಕೋಟೆಯನ್ನು ನನ್ನ ಕಡೆ ಸರಿಸಿದ.
'ಶಾಯಿ ಹಸಿ ಇದೆ. ಮುಟ್ಟಬೇಡ.'